ಏಳನೇ ಟೇಪು

ಅಮಾನ್‌ಫರ್ಡ್
ಫೆಬ್ರವರಿ 6, 2023

ಗ್ವಿಲ್,

ನಿಮ್ಮ ಗಾಲಿಮನೆಗೆ, ಆ ಕ್ಯಾರವಾನಿಗೆ ಫೋನು ಸಿಗುವುದಿಲ್ಲ ಎಂದು ನೀವು ಅಲ್ಲಿ ಹಬ್ಬ ಮಾಡುತ್ತಿರುತ್ತೀರಿ, ನನಗೆ ಗೊತ್ತು. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಮುಂದೆ ಓದುವ ಮೊದಲು ತಿಂಡಿ ಮುಗಿಸಿಕೊಳ್ಳಿ, ಆಮೇಲೆ ನನ್ನನ್ನು ಬೈಯಬೇಡಿ.

ಇವತ್ತು ಕೇ ಗ್ಲಾಸ್ ಬಡಾವಣೆಯ ಎರಡನೇ ಹಂತ, ಇಪ್ಪತ್ತೆಂಟನೇ ಮನೆ. ಮನೆ ಎಷ್ಟು ಗಾಳಿ ಸೋರುತ್ತದೆ ಎಂದು ಅಳೆಯಲು ಮುಂಬಾಗಿಲಿಗೆ ಕೆಂಪು ಬಟ್ಟೆಯ ಚೌಕಟ್ಟು ಬಿಗಿದು, ಫ್ಯಾನು ಕೂರಿಸಿ, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯಲು ಶುರು ಮಾಡಿದೆ. ಒತ್ತಡದ ಮೀಟರು ಐವತ್ತಕ್ಕೆ ಏರುವ ಮೊದಲೇ ಮಹಡಿಯಿಂದ ಗುಳುಗುಳು ಸದ್ದು ಬಂತು. ಅದರ ಹಿಂದೆಯೇ ನಾತ. ನೀರೇ ಬಿಡದ ಮನೆಯ ಕಮೋಡಿನಲ್ಲಿ ಪ್ಲಾಸ್ಟರ್ ಕೆಲಸದವರು ವಾರದಿಂದ ಕೂತೆದ್ದು ಹೋಗಿದ್ದಾರೆ! ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಮರ್ಯಾದೆ ಬೇರೆ ಉಳಿಸಿಕೊಂಡಿದ್ದಾರೆ. ಆ ವಾರದ ಗಾಳಿ, ಚರಂಡಿಯ ಗಾಳಿ ಎರಡೂ ಸೇರಿ ಮೆಟ್ಟಿಲಿಳಿದು ಬಂದು, ನನ್ನ ಮುಖ ಸವರಿಕೊಂಡು ಹೊರಗೆ ಹೋದವು. ನಾನೂ ಅವುಗಳ ಹಿಂದೆ ಓಡಿದೆ.

ಸೈಟು ಮ್ಯಾನೇಜರು ಯಾರು ಗೊತ್ತೇ? ನಿಮ್ಮ ಹಳೆಯ ಕ್ಲೈವ್ ಸ್ಕೂಸ್. ಹಲ್ಲು ಕಿರಿದು ನಿಂತಿದ್ದ. "ಏನ್ ಚಿನ್ನಾ, ಮೂಗು ಅಷ್ಟೊಂದು ನಾಜೂಕಾ? ಗ್ವಿಲಿಮ್ ಆಗಿದ್ರೆ ಒಂದು ಸಿಗರೇಟು ಹಚ್ಕೊಂಡು ಮುಗಿಸ್ಬಿಡ್ತಿದ್ದ" ಎಂದ. ಕೊನೆಗೆ ಸೋರಿಕೆಯ ಅಂಕಿ 8.1 ಬಂತು. ಐದರೊಳಗೆ ಬರಬೇಕಾದ ಮನೆ. ಗೋಡೆ ಕಟ್ಟಿದ್ದಾರೋ ಜರಡಿ ಕಟ್ಟಿದ್ದಾರೋ ತಿಳಿಯದು. ಫೇಲು ಎಂದು ಬರೆದು ಕೊಟ್ಟೆ.

ಹೊರಡುವಾಗ ಎಂದಿನಂತೆ ಬಾಗಿಲಲ್ಲಿ ನಿಂತು ಕೂಗಿದೆ: "ಒಂಬತ್ತು ಹತ್ತಿಸಿದ್ದು, ಒಂಬತ್ತು ಇಳಿಸಿದ್ದು!" ಕ್ಲೈವ್ ಬಿದ್ದು ಬಿದ್ದು ನಕ್ಕ. ನಗಲಿ. ಪರೀಕ್ಷೆಗೆಂದು ಗಾಳಿಕಿಂಡಿಗೆ ಹಚ್ಚಿದ ಟೇಪು ಒಂದೂ ಹಿಂದೆ ಉಳಿಯಬಾರದು ಎಂದು ಮೂರೂವರೆ ವರ್ಷ ನನ್ನಿಂದ ಹೀಗೆ ಕೂಗಿಸಿದವರು ನೀವು. ಮಳೆಯಲ್ಲಿ ನೆನೆಯುತ್ತಿದ್ದರೂ ಬಿಡುತ್ತಿರಲಿಲ್ಲ. ಆಗ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು. ಈಗ ಕೂಗದಿದ್ದರೆ ವ್ಯಾನು ಹತ್ತಲು ಕಾಲೇ ಬರುವುದಿಲ್ಲ.

ಎರಡು ಸಲ ಸ್ನಾನ ಮಾಡಿಯೂ ನಾತ ಹೋಗದ,
ಟೆಗ್ವೆನ್


ಅಬರ್‌ಡಾರನ್
ಫೆಬ್ರವರಿ 15

ಟೆಗ್,

ಕಾಗದವನ್ನು ಗಂಜಿ ಕುಡಿಯುತ್ತಲೇ ಓದಿದೆ. ಗಂಜಿ ನಾಯಿಗೆ ಹೋಯಿತು.

ಮನೆಗೆ ಕಾಲಿಟ್ಟ ಕೂಡಲೇ ಪ್ರತಿಯೊಂದು ಕಮೋಡಿಗೂ ಒಂದು ಬಕೆಟ್ ನೀರು ಹುಯ್ಯಬೇಕು ಎಂದು ಮೊದಲ ವಾರವೇ ಹೇಳಿರಲಿಲ್ಲವೇ? ಆ ಬಾಗಿದ ಕೊಳವೆಯಲ್ಲಿ ನೀರು ನಿಂತರೆ ತಾನೇ ನಾತಕ್ಕೆ ತಡೆ. ನನ್ನ ಮಂಡಿ ಸವೆದು ನಾನು ಇಲ್ಲಿ ಬಂದು ಕೂತೆ ಎಂದರೆ ಬಕೆಟ್ಟೂ ನಿವೃತ್ತಿ ಆಯಿತು ಎಂದು ಅರ್ಥವಲ್ಲ, ಮಹರಾಯ್ತಿ.

ಸ್ಕೂಸ್ ಇನ್ನೂ ಅಲ್ಲೇ ಇದ್ದಾನೆಯೇ. ಅವನ ಜೊತೆ ಚಹಾ ಕುಡಿಯಬೇಡ. ಹಳೆಯ ಕತೆ ಹೇಳಲು ಬಂದರೆ ಕೇಳಲೂ ಬೇಡ. ಅಂಕಿ ತೆಗೆದುಕೋ, ಬರೆದು ಕೊಡು, ಹೊರಡು.

ಪಕ್ಕದ ಹೊಲದ ಆಡು ನನ್ನ ಒಂದು ಬೂಟು ತಿಂದಿದೆ. ಎಡಗಾಲಿನದು.

ಒಂದೇ ಬೂಟಿನ,
ಗ್ವಿಲ್


ಅಮಾನ್‌ಫರ್ಡ್
ಮಾರ್ಚ್ 9

ಗ್ವಿಲ್,

ಈ ಜನರ ಬಗ್ಗೆ ನನಗೆ ಅಸಹ್ಯ ಹುಟ್ಟಿಬಿಟ್ಟಿದೆ. ಮೂವತ್ತೊಂದನೇ ಮನೆ ಬೆಳಿಗ್ಗೆ 7.9 ಕೊಟ್ಟಿತು. "ಒಂದು ಗಂಟೆ ಕೊಡು ಚಿನ್ನಾ" ಎಂದ ಕ್ಲೈವ್. ಗಂಟೆ ಬಿಟ್ಟು ಅಳೆದರೆ 3.2! ಗೋಡೆಗಳು ಅಷ್ಟರಲ್ಲಿ ದೇವರನ್ನು ಕಂಡವೋ ಏನೋ ಎಂದು ಬಾತ್‌ಟಬ್ಬಿನ ಪಕ್ಕದ ಹಲಗೆ ಬಿಚ್ಚಿದೆ. ಕೊಳವೆಯ ಸುತ್ತ ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣ ತುರುಕಿದ್ದಾರೆ. ಅಡುಗೆಮನೆಯ ಕಪಾಟಿನ ಹಿಂದೆ ಯಾರದೋ ಒದ್ದೆ ಕಾಲುಚೀಲ. ಒಬ್ಬನ ಕಾಲಿನಿಂದ ಆಗತಾನೆ ಕಳಚಿದ್ದು, ಇನ್ನೂ ಬೆಚ್ಚಗಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಕ್ಲೈವನ ಮೇಜಿನ ಮೇಲೆ, ಅವನ ಬಿಸ್ಕತ್ತಿನ ತಟ್ಟೆಗೆ ಒತ್ತಿಟ್ಟು ಬಂದೆ.

ಆದರೆ ಬರೆಯಲು ಕೂತದ್ದು ಇದಕ್ಕಲ್ಲ. ವ್ಯಾನಿನ ಬಳಿ ಒಬ್ಬ ಹೆಂಗಸು ಕಾದು ನಿಂತಿದ್ದಳು. ಬೆಟಿ ಹ್ಯೂಸ್, ಶಾಲೆಯ ಬಸ್ಸು ಓಡಿಸುತ್ತಾಳೆ, ಮೊದಲನೇ ಹಂತದ ಹನ್ನೆರಡನೇ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ವ್ಯಾನಿನ ಮೇಲಿನ ನಿಮ್ಮ ಹೆಸರು ಓದಿ, "ಗಾಳಿ ನೋಡೋರು ನೀವೇನಾ? ನಮ್ಮನೇಲಿ ಗಾಳಿಗೆ ಏನಾಗಿದೆ ಅಂತ ಒಂಚೂರು ನೋಡ್ತೀರಾ?" ಎಂದಳು.

ನೋಡಿದೆ. ಬಚ್ಚಲಿನ ಸೂರಿಗೆ ಕರಿ ಬೂಸ್ಟು, ಮುಟ್ಟಿದರೆ ಬೆರಳಿಗೆ ಲೋಳೆ. ಮಲಗುವ ಕೋಣೆಯ ಕಪಾಟು ಎಳೆದು ತೋರಿಸಿದಳು, ಅದರ ಬೆನ್ನಿಗೂ ಬೂಸ್ಟು. ಅವಳ ಅಜ್ಜಿ ನೇಯಿಸಿದ್ದ ಉಣ್ಣೆಯ ಹೊದಿಕೆಯನ್ನು ಬಿಡಿಸಿದಾಗ ಹಸಿರು ತುಪ್ಪಳ ಹಾರಿತು. ನನಗೆ ವಾಕರಿಕೆ ಬಂತು, ಅವಳೆದುರು ಹೇಗೋ ನುಂಗಿಕೊಂಡೆ. ಅವಳು ನೋಡಿದಳು. "ಕ್ಷಮಿಸಿ" ಎಂದವಳು ಅವಳು, ನಾನಲ್ಲ.

ಮನೆ ಬಾಡಿಗೆಗೆ ಕೊಟ್ಟಿರುವ ಸಂಘದ ಇನ್‌ಸ್ಪೆಕ್ಟರು ಬರೆದದ್ದೇನು ಗೊತ್ತೇ? ಇವಳು ಬಟ್ಟೆ ಒಳಗೆ ಒಣಗಿಸುತ್ತಾಳೆ, ಮುಚ್ಚಳ ಹಾಕದೆ ಮಾಂಸದ ಸಾರು ಕುದಿಸುತ್ತಾಳೆ, ಹೆಚ್ಚು ಹೊತ್ತು ಸ್ನಾನ ಮಾಡುತ್ತಾಳೆ, ಆದ್ದರಿಂದ ಮನೆ ಹಾಳಾಗಿದೆ. "ನಾನು ಬದುಕೋ ರೀತಿನೇ ಸರಿ ಇಲ್ವಂತೆ ಕಣಮ್ಮಾ" ಎಂದಳು. ಎರಡು ವರ್ಷದಿಂದ ಮನೆಯಲ್ಲಿ ಸಾರು ಮಾಡಿಲ್ಲ. ಸ್ನಾನ ಊರಿನ ಈಜುಕೊಳದಲ್ಲಿ. ಆದರೂ ಬೂಸ್ಟು ಬೆಳೆಯುತ್ತಿದೆ. ಜೂನ್ ಹದಿನಾಲ್ಕಕ್ಕೆ ಸಂಘದ ವಿಚಾರಣೆ. ತಪ್ಪು ಅವಳದೇ ಎಂದು ತೀರ್ಮಾನವಾದರೆ ಮನೆ ಬಿಡಬೇಕು.

ಹನ್ನೆರಡನೇ ಮನೆಯನ್ನು 2017ರಲ್ಲಿ ಪರೀಕ್ಷಿಸಿದವರು ನೀವೇ. ನಾನು ಇನ್ನೂ ಬಂದಿರಲಿಲ್ಲ. ಏನಾದರೂ ನೆನಪಿದೆಯೇ?

ಟೆಗ್ವೆನ್


ಅಬರ್‌ಡಾರನ್
ಮಾರ್ಚ್ 20

ಟೆಗ್,

ನಾಲ್ಕು ದಿನದಿಂದ ಪಡುವಣ ಗಾಳಿ. ಕ್ಯಾರವಾನಿಗೆ ಹಗ್ಗ ಬಿಗಿದಿದ್ದೇನೆ. ಆಡು ಈಗ ಒಳಗೇ ಮಲಗುತ್ತದೆ.

ಸಾವಿರಾರು ಮನೆ ನೋಡಿದ್ದೇನೆ, ಹನ್ನೆರಡನೆಯದು ಹದಿಮೂರನೆಯದು ಎಂದು ಯಾವುದನ್ನು ನೆನಪಿಟ್ಟುಕೊಳ್ಳಲಿ. ಪಾಸಾಗಿರಬೇಕು, ಇಲ್ಲದಿದ್ದರೆ ಕಟ್ಟಿದವರು ಬೀಗದ ಕೈ ಕೊಡುತ್ತಿರಲಿಲ್ಲ. ಜನ ಒಳಗೆ ಬಟ್ಟೆ ಒಣಗಿಸುವುದು ಹೌದು, ಕಿಟಕಿ ತೆಗೆಯದಿರುವುದೂ ಹೌದು. ಆಕೆಗೆ ಕಿಟಕಿ ತೆಗೆಯಲು ಹೇಳು. ನೀನು ಗಾಳಿ ಅಳೆಯುವವಳು, ಊರವರ ಕಣ್ಣೀರು ಅಳೆಯುವವಳಲ್ಲ. ಬೇರೆಯವರ ಬಚ್ಚಲಿಗೆ ಮೂಗು ತೂರಿಸಿದರೆ ಸಂಘದವರು ನಮಗೆ ಕೆಲಸ ಕೊಡುವುದನ್ನೇ ನಿಲ್ಲಿಸುತ್ತಾರೆ.

ಹೊಸ ಬೂಟು ತಂದೆ.

ಗ್ವಿಲ್


ಅಮಾನ್‌ಫರ್ಡ್
ಏಪ್ರಿಲ್ 2

ಗ್ವಿಲ್,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆ ಇನ್‌ಸ್ಪೆಕ್ಟರು ಬರೆದದ್ದನ್ನೇ ನೀವೂ ಬರೆದಿದ್ದೀರಿ, ಆಡು ಒಂದು ಹೆಚ್ಚಿಗೆ.

ನಿನ್ನೆ ಬೆಟಿಯ ಮನೆಗೆ ಮತ್ತೆ ಹೋದೆ. ಬಚ್ಚಲಿನ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು, ಜೋರು ಸದ್ದು. "ಅದೊಂದು ಸರಿಯಾಗಿದೆ ನೋಡಿ, ಹಗಲೂ ರಾತ್ರಿ ಹಾಕೇ ಇರ್ತೀನಿ" ಎಂದಳು ಪಾಪ. ಅದರ ಮುಖಕ್ಕೆ ಒಂದು ಕಾಗದದ ಚೂರು ಹಿಡಿದೆ. ಅಂಟಿಕೊಳ್ಳಬೇಕಿತ್ತು, ನೆಲಕ್ಕೆ ಬಿತ್ತು. ಅವಳು ಚಹಾ ಮಾಡಲು ಕೆಳಗೆ ಹೋದಾಗ ಫ್ಯಾನು ಬಿಚ್ಚಿದೆ.

ಹಿಂದಿನ ಕೊಳವೆಯ ಬಾಯಿಗೆ ನೀಲಿ ಟೇಪು. ನಾಲ್ಕು ಮೂಲೆಯನ್ನೂ ಹೆಬ್ಬೆರಳಿಂದ ಉಜ್ಜಿ ಹಚ್ಚಿದ ಅಚ್ಚುಕಟ್ಟು ಟೇಪು. ಅದರ ಮೇಲೆ ಕರಿ ಪೆನ್ನಿನಲ್ಲಿ 7, ಸೊಂಟಕ್ಕೆ ಅಡ್ಡಗೆರೆ, ಸುತ್ತ ಒಂದು ವೃತ್ತ. ಕೊನೆಯ ಟೇಪಿಗೆ ವೃತ್ತ ಹಾಕು, ಒಟ್ಟು ಎಷ್ಟು ಎಂದು ಮರೆಯುವುದಿಲ್ಲ ಎಂದು ನನಗೆ ಕಲಿಸಿದ್ದು ಯಾರು? ಏಳಕ್ಕೆ ಸೊಂಟಪಟ್ಟಿ ಕಟ್ಟುವವರು ಈ ಕಣಿವೆಯಲ್ಲಿ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಐದಾರು ವರ್ಷ ಆ ಫ್ಯಾನು ಟೇಪಿಗೆ ಊದಿದೆ. ಹಬೆಯೆಲ್ಲ ಅವಳ ಕಪಾಟಿಗೆ, ಅವಳ ಅಜ್ಜಿಯ ಹೊದಿಕೆಗೆ, ಅವಳ ಎದೆಗೆ ಹೋಗಿದೆ.

ಇನ್ನು ನನ್ನ ವಿಷಯ ಕೇಳಿ, ಅದೂ ಅಷ್ಟೇ ಅಸಹ್ಯ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿತು. ಟೇಪನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. "ಕೊಳವೇಲಿ ಏನೋ ಕಟ್ಟಿಕೊಂಡಿತ್ತು, ತೆಗೆದಿದೀನಿ" ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಸಿ ಬಿಸಿ ಒಣದ್ರಾಕ್ಷಿ ಕೇಕು ಕೊಟ್ಟಳು. ನಿಮ್ಮ ಟೇಪು ಜೇಬಿನಲ್ಲಿರುವಾಗ ಅದನ್ನು ತಿಂದೆ.

ಮರೆತಿರಬೇಕು ನೀವು. ಮನುಷ್ಯರು ಮರೆಯುತ್ತಾರೆ. ಜೂನ್ ಹದಿನಾಲ್ಕರ ವಿಚಾರಣೆಗೆ ಬಂದು ಇಷ್ಟೇ ಹೇಳಿ: ಟೇಪು ನನ್ನದು, ಮರೆತೆ, ತಪ್ಪು ಆಕೆಯದಲ್ಲ. ನೀವು ಹೇಳಿದರೆ ನಾನು ಹೇಳಬೇಕಾಗಿಲ್ಲ.

ಟೆಗ್ವೆನ್


ಅಮಾನ್‌ಫರ್ಡ್
ಏಪ್ರಿಲ್ 28

ಗ್ವಿಲ್,

ಉತ್ತರವಿಲ್ಲ. ಅಂಚೆಯವನು ನಿಮ್ಮಲ್ಲಿಗೆ ವಾರಕ್ಕೆ ಮೂರು ಸಲ ಬರುತ್ತಾನೆ ಎಂದು ನೀವೇ ಹೇಳಿದ್ದಿರಿ.

ಟೇಪು ವ್ಯಾನಿನ ಡಬ್ಬಿಯಲ್ಲಿದೆ. ಅದನ್ನು ತೆಗೆದ ಮೇಲೆ ಬೆಟಿಯ ಬಚ್ಚಲಿನ ಸೂರು ಒಣಗುತ್ತಿದೆ. ಅವಳು ನಾನೇ ಏನೋ ಪವಾಡ ಮಾಡಿದೆ ಎಂದುಕೊಂಡಿದ್ದಾಳೆ. ಬೀದಿಯಲ್ಲಿ ಬಸ್ಸು ನಿಲ್ಲಿಸಿ ಕೈ ಬೀಸುತ್ತಾಳೆ, ಮಕ್ಕಳ ಕೈಲೂ ಬೀಸಿಸುತ್ತಾಳೆ. ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಟೆಗ್ವೆನ್


ಅಬರ್‌ಡಾರನ್
ಮೇ 11

ಟೆಗ್ವೆನ್,

ಮೂವತ್ತು ವರ್ಷದ ಕೆಲಸದಲ್ಲಿ ಒಂದು ಟೇಪು. ಒಂದು! ಅದನ್ನು ಒಲೆಗೆ ಹಾಕು. ಸೂರು ಒಣಗುತ್ತಿದೆ ಎಂದು ನೀನೇ ಬರೆದಿದ್ದೀಯ, ಇನ್ನೇನು ಬೇಕು ಆಕೆಗೆ? ವ್ಯಾನು ಕೊಟ್ಟವನು ನಾನು, ಫ್ಯಾನು ಕೊಟ್ಟವನು ನಾನು, ಹೆಸರು ಕೊಟ್ಟವನು ನಾನು. ಆ ಹೆಸರಿನಿಂದಲೇ ನಿನಗೆ ಊಟ. ಅದಕ್ಕೆ ಮಸಿ ಬಳಿದರೆ ಮೊದಲು ಕಪ್ಪಾಗುವುದು ನಿನ್ನ ಮುಖ. ಸ್ಕೂಸನಂಥವರು ಕುಣಿದಾಡುತ್ತಾರೆ.

ಇನ್ನು ಈ ವಿಷಯ ಬರೆಯಬೇಡ.

ಗ್ವಿಲಿಮ್ ಬೋವೆನ್


ಅಮಾನ್‌ಫರ್ಡ್
ಮೇ 17

ಶ್ರೀ ಬೋವೆನ್ ಅವರಿಗೆ,

ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೀರಿ, ನಾನೂ ಹಾಗೆಯೇ ಕರೆಯುತ್ತೇನೆ.

ಕಮೋಡಿನ ನಾತಕ್ಕೆ ನಾನು ಬಾಗಿಲಿನಿಂದ ಓಡಿದೆ. ನಿಮ್ಮ ಕಾಗದಕ್ಕೆ ಎಲ್ಲಿಗೆ ಓಡಲಿ? ಆ ಕಾಲುಚೀಲ ತುರುಕಿದವನು ನಿಮಗಿಂತ ವಾಸಿ, ಅವನು ಯಾರಿಗೂ ಪಾಠ ಹೇಳಿರಲಿಲ್ಲ. ನನಗೆ ನಿಮ್ಮನ್ನು ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ. ನಿಮ್ಮ ಮೇಲೆ ಎಷ್ಟು ಪ್ರೀತಿ ಇತ್ತೋ ಅಷ್ಟೂ ಈಗ ಬಾಯಲ್ಲಿ ಕಹಿ.

ನಿನ್ನೆ ಬೆಟಿಗೆ ಟೇಪು ತೋರಿಸಿ ಎಲ್ಲ ಹೇಳಿದೆ. ನಾನು ಜೇಬಿಗೆ ಹಾಕಿಕೊಂಡದ್ದನ್ನೂ ಹೇಳಿದೆ. "ಕೇಕು ತಿನ್ನೋವಾಗ್ಲೂ ಜೇಬಲ್ಲೇ ಇತ್ತಾ?" ಎಂದು ಕೇಳಿದಳು. ಇತ್ತು ಎಂದೆ. ಎದ್ದು ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆ ಒಲೆಯ ಮೇಲಿಟ್ಟು, ಕುರಿಮಾಂಸ, ಲೀಕ್ ಸೊಪ್ಪು, ಆಲೂಗಡ್ಡೆ ಹಾಕಿ, ಮುಚ್ಚಳ ಹಾಕದೆ ಕುದಿಯಲು ಬಿಟ್ಟಳು. ನನಗೆ ಬಡಿಸಲಿಲ್ಲ.

ಜೂನ್ ಹದಿನಾಲ್ಕರಂದು ಟೇಪು ತೆಗೆದುಕೊಂಡು ನಾನು ಹೋಗುತ್ತೇನೆ. ಯಾರ ಕೈಬರಹ ಎಂದು ಕೇಳಿದರೆ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.

ಟೆಗ್ವೆನ್ ಮಥಾಯಸ್


ಅಬರ್‌ಡಾರನ್
ಜೂನ್ 8

ಬೆಟಿ ಹ್ಯೂಸ್ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಿಮ್ಮ ಬಚ್ಚಲಿನ ಟೇಪು ನನ್ನದು. ಈ ಕಾಗದದ ಒಂದು ಪ್ರತಿಯನ್ನು ಸಂಘಕ್ಕೂ ಕಳಿಸಿದ್ದೇನೆ, ಇನ್ನೊಂದನ್ನು ಟೆಗ್ವೆನ್‌ಗೆ.

ನಾನು ಮರೆತೆ ಎಂದು ಆ ಹುಡುಗಿ ನಂಬಿದ್ದಾಳೆ. ಬೇಕೆಂದೇ ಒಳ್ಳೆಯದನ್ನು ನಂಬಿದ್ದಾಳೆ. ನಾನು ಮರೆತಿರಲಿಲ್ಲ.

ಅವತ್ತು ಅಕ್ಟೋಬರ್ ತಿಂಗಳ ಶುಕ್ರವಾರ. ಬಚ್ಚಲಿನ ಫ್ಯಾನುಗಳು ಇನ್ನೂ ಬಂದಿರಲಿಲ್ಲ, ಬರೀ ಕೊಳವೆಯ ಬಾಯಿ ಇತ್ತು. ಅದಕ್ಕೆ ಟೇಪು ಹಚ್ಚಿ ಪರೀಕ್ಷೆ ಮಾಡಿದೆ. 4.6 ಬಂತು, ಅಂಕಿಯಲ್ಲಿ ಮೋಸವಿಲ್ಲ. ಸಾಮಾನು ಕಟ್ಟಿ ವ್ಯಾನಿಗೆ ಹೋದೆ. ಕರಿದ ಮೀನು, ದಪ್ಪ ಆಲೂಗಡ್ಡೆ ಹೋಳಿನ ಚಿಪ್ಸು ತಂದಿಟ್ಟುಕೊಂಡಿದ್ದೆ. ಪೊಟ್ಟಣ ಬಿಚ್ಚಿ ಎರಡು ತಿಂದೆ. ಆಗ ಕಿತ್ತ ಟೇಪುಗಳ ಉಂಡೆ ಕೈಗೆ ಸಿಕ್ಕಿತು, ಅಭ್ಯಾಸಬಲದಿಂದ ಎಣಿಸಿದೆ. ಆರು. ಮತ್ತೆ ಎಣಿಸಿದೆ. ಆರೇ. ಏಳು ಹಚ್ಚಿದ್ದೆ. ಏಳನೆಯದು ಎಲ್ಲಿದೆ ಎಂದೂ ನನಗೆ ಗೊತ್ತಿತ್ತು.

ಮಳೆ ಹೊಯ್ಯುತ್ತಿತ್ತು. ಏಣಿ ವ್ಯಾನಿನ ಮೇಲೆ ಕಟ್ಟಿಯಾಗಿತ್ತು. ಚಿಪ್ಸು ತಣ್ಣಗಾಗುತ್ತದೆ ಎಂದುಕೊಂಡೆ. ಫ್ಯಾನು ಕೂರಿಸಲು ಬರುವವನು ನೋಡಿ ಕೀಳುತ್ತಾನೆ ಎಂದುಕೊಂಡೆ. ಕೂತು ಪೂರ್ತಿ ತಿಂದೆ. ಆ ಮನುಷ್ಯ ಟೇಪಿನ ಮೇಲೇ ಫ್ಯಾನು ಕೂರಿಸಿ ಹೋದನೆಂದು ಈಗ ತಿಳಿಯುತ್ತಿದೆ. ಆದರೆ ನಾನು ಸೋಮವಾರ ಬಂದು ನೋಡಬಹುದಿತ್ತು. ಆ ವರ್ಷ ಇನ್ನೂ ಹನ್ನೊಂದು ಸಲ ಆ ಬಡಾವಣೆಗೆ ಬಂದಿದ್ದೆ. ನಿಮ್ಮ ಕಿಟಕಿಗೆ ಪರದೆ ಬಂದದ್ದನ್ನೂ ನೋಡಿದ್ದೆ. ಬಾಗಿಲು ತಟ್ಟಿ ಏನೆಂದು ಹೇಳುವುದು ಎಂದು ತಟ್ಟಲಿಲ್ಲ.

ಮರುವರ್ಷ ಟೆಗ್ವೆನ್ ಕೆಲಸ ಕಲಿಯಲು ಬಂದಳು. ಪ್ರತಿ ಮನೆಯ ಬಾಗಿಲಲ್ಲೂ ನಿಲ್ಲಿಸಿ ಅವಳಿಂದ ಎಣಿಕೆ ಕೂಗಿಸಿದೆ. ನಾನು ಬಹಳ ಶಿಸ್ತಿನ ಮನುಷ್ಯ ಎಂದು ಅವಳು ಊರೆಲ್ಲ ಹೇಳಿಕೊಂಡು ತಿರುಗಿದಳು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ನಿಮ್ಮ ಕಷ್ಟ ಬರೆದಾಗ ಕಿಟಕಿ ತೆಗೆಯಲು ಹೇಳು ಎಂದು ಉತ್ತರ ಕೊಟ್ಟೆ. ಆ ಸಾಲನ್ನು ಬರೆದ ಕೈಯನ್ನು ನೋಡಿದರೆ ನನಗೇ ಅಸಹ್ಯವಾಗುತ್ತದೆ.

ಹದಿನಾಲ್ಕರಂದು ಬರುತ್ತೇನೆ. ನೀವು ನನ್ನೊಡನೆ ಮಾತಾಡಬೇಕಾಗಿಲ್ಲ.

ಗ್ವಿಲಿಮ್ ಬೋವೆನ್


ಅಮಾನ್‌ಫರ್ಡ್
ಜೂನ್ 15

ಗ್ವಿಲ್,

ನಿನ್ನೆ ನೀವು ಹೇಳುವುದನ್ನು ಹೇಳಿ, ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟಿರಿ. ಬಾಗಿಲಲ್ಲಿ ಮಾತ್ರ ಒಂದು ಕ್ಷಣ ನಿಂತು "ಏಳು ಹತ್ತಿಸಿದ್ದು, ಆರು ಇಳಿಸಿದ್ದು" ಎಂದಿರಿ. ಮೆಲ್ಲಗೆ ಅಂದದ್ದು, ಆದರೂ ಎಲ್ಲರಿಗೂ ಕೇಳಿತು. ಇನ್‌ಸ್ಪೆಕ್ಟರು ಕನ್ನಡಕ ಒರೆಸುತ್ತಲೇ ಇದ್ದ.

ಮನೆ ಬೆಟಿಗೇ ಉಳಿಯಿತು. ಅವಳ ಬದುಕುವ ರೀತಿಯ ಬಗ್ಗೆ ಬರೆದ ಕಾಗದವನ್ನು ವಾಪಸು ತೆಗೆದುಕೊಂಡರು. ಸೂರು ಕೆರೆದು ಬಣ್ಣ ಹಚ್ಚಿಸಿ ಕೊಡುತ್ತಾರಂತೆ. ಅಜ್ಜಿಯ ಹೊದಿಕೆಯನ್ನು ಹಿತ್ತಲಲ್ಲಿ ಸುಟ್ಟಳು, ನಾನೂ ಹೋಗಿ ನಿಂತಿದ್ದೆ. ಸಂಘದವರು ಇನ್ನು ನನಗೆ ಕೆಲಸ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ವ್ಯಾನಿನ ಮೇಲೆ ನಿಮ್ಮ ಹೆಸರು ಇನ್ನೂ ಇದೆ. ಅದನ್ನು ತೆಗೆಯಬೇಕೋ ಬೇಡವೋ ಈಗ ಯೋಚಿಸಲು ನನಗೆ ಮನಸ್ಸಿಲ್ಲ. ನೀವು ಬಂದಿರಿ. ಅಷ್ಟು ಮಾತ್ರ ಸದ್ಯಕ್ಕೆ ಬರೆಯಬಲ್ಲೆ.

ಹೊದಿಕೆ ಉರಿಯುತ್ತಿದ್ದಾಗ ಬೆಟಿ ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿ, ಮಡಿಸಿ ಜೇಬಿಗಿಟ್ಟುಕೊಂಡಳು. ನಿಮ್ಮನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. "ನೀನು ಬರೆಯೋವಾಗ ಆ ಮನುಷ್ಯನ್ನ ಒಂದೇ ಒಂದು ಮಾತು ಕೇಳು" ಎಂದಳು. ಕೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ, ಅವಳು ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಅವತ್ತು ಚಿಪ್ಸು ಬಿಸಿ ಇತ್ತಾ?"

ಉತ್ತರವನ್ನು ನನಗಲ್ಲ, ಹನ್ನೆರಡನೇ ಮನೆಗೆ ಬರೆಯಿರಿ.

ಟೆಗ್